ದ್ರಾಕ್ಷಿ ಸುಗ್ಗಿಗೆ ವೈನರಿ ಕೆಲಸಕ್ಕೆ ಹೊರಟವರ ಅಡುಗೆಮನೆ

ದ್ರಾಕ್ಷಿ ಸುಗ್ಗಿ ಸಾಮಾನ್ಯವಾಗಿ ಭೂಮಿಯ ಉತ್ತರಾರ್ಧದಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ತನಕ, ದಕ್ಷಿಣಾರ್ಧದಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ನಡೆಯುತ್ತದೆ. ಸಮಭಾಜಕದ ಹತ್ತಿರ ಹೋದಂತೆ ಈ ಲೆಕ್ಕ ತುಸು ಬದಲಾಗುತ್ತದೆ. ಎಲ್ಲೇ ಹೋದರೂ ವೈನರಿಯ, ಅಂದರೆ ವೈನ್ ತಯಾರಿಸುವ ಜಾಗದ, ಕೆಲಸದ ಜಾಡು ಮಾತ್ರ ಒಂದೇ. ಹಣ್ಣು ಇಳಿಸಿಕೊಳ್ಳುವುದು, ಆರಿಸುವುದು, ತೊಟ್ಟು ಬಿಡಿಸುವ ಯಂತ್ರಕ್ಕೆ ಕೊಡುವುದು, ಟ್ಯಾಂಕಿನಲ್ಲಿ ಮೇಲೆದ್ದ ಸಿಪ್ಪೆಯನ್ನು ಮತ್ತೆ ರಸದಲ್ಲಿ ಮುಳುಗಿಸುವುದು, ರಸ ಹಿಂಡುವ ಪ್ರೆಸ್ ತುಂಬುವುದು, ಖಾಲಿ ಮಾಡುವುದು, ಮತ್ತೆ ಇವೆಲ್ಲದರ ಮಧ್ಯೆ ತೊಳೆಯುವುದು, ತೊಳೆಯುವುದು, ತೊಳೆಯುವುದು. ದಿನಕ್ಕೆ 10–12 ಗಂಟೆ, ವಾರಕ್ಕೆ ಆರು ದಿನ ಅಂದುಕೊಂಡು ಹೋದರೆ ಮೋಸವಿಲ್ಲ. ಸಂಜೆ ಐದಕ್ಕೆ ಮುಗಿಯುತ್ತದೆ ಎಂದ ದಿನವೇ ಇನ್ನೊಂದು ಲೋಡ್ ಹಣ್ಣು ಬಂದು ನಿಲ್ಲುತ್ತದೆ. ಹಣ್ಣಾದ ದ್ರಾಕ್ಷಿ ಯಾರ ಊಟದ ಹೊತ್ತಿಗೂ ಕಾಯುವುದಿಲ್ಲ.

ಹೀಗಿರುವಾಗ ‘ರಾತ್ರಿ ಬಂದು ಏನಾದರೂ ಮಾಡಿಕೊಳ್ಳೋಣ’ ಎಂಬ ಯೋಜನೆ ಮೊದಲ ವಾರದಲ್ಲೇ ಮಣ್ಣುಪಾಲಾಗುತ್ತದೆ. ಬಂದವರು ಬೂಟು ಬಿಚ್ಚಿ ಕುರ್ಚಿಯಲ್ಲಿ ಕೂತರೆ ಮುಗಿಯಿತು. ಬ್ರೆಡ್ಡು, ಚಿಪ್ಸು, ಹೊರಗಿನ ಪಿಜ್ಜಾ, ಇಲ್ಲದಿದ್ದರೆ ಉಪವಾಸ. ಆದ್ದರಿಂದ ಈ ಲೇಖನದ ಎಲ್ಲ ಹಂತಗಳೂ ಒಂದೇ ಲೆಕ್ಕದ ಮೇಲೆ ನಿಂತಿವೆ: ದಣಿದ ದಿನ ಅಡುಗೆ ಮಾಡಬಾರದು, ಬಡಿಸಿಕೊಳ್ಳಬೇಕಷ್ಟೇ. ಅಡುಗೆ ಮಾಡಬೇಕಾದದ್ದು ರಜೆಯ ದಿನ, ಮೈ ಮನಸ್ಸು ನೆಟ್ಟಗಿರುವಾಗ.

ಹೊರಡುವ ಮೊದಲು ಕೇಳಬೇಕಾದ್ದು

ವಸತಿ ಕೊಡುತ್ತೇವೆ ಎಂದ ವೈನರಿಗೆ ಬರೆದು ಕೇಳಿ: ಅಡುಗೆಮನೆ ಎಷ್ಟು ಜನಕ್ಕೆ? ಒಲೆಗೆ ಎಷ್ಟು ಬರ್ನರ್? ಫ್ರಿಜ್‌ನಲ್ಲಿ ತಲೆಗೆ ಎಷ್ಟು ಜಾಗ? ಫ್ರೀಜರ್ ಇದೆಯೇ? ಕೆಲಸದ ಜಾಗದಲ್ಲಿ ಊಟದ ಕೋಣೆ, ಮೈಕ್ರೊವೇವ್ ಇವೆಯೇ? ಮಧ್ಯಾಹ್ನದ ಊಟ ಅವರೇ ಕೊಡುತ್ತಾರೆಯೇ? ದಿನಸಿ ಅಂಗಡಿ ನಡೆದು ಹೋಗುವಷ್ಟು ದೂರದಲ್ಲಿದೆಯೇ, ಇಲ್ಲವಾದರೆ ವಾರಕ್ಕೊಮ್ಮೆ ಗಾಡಿ ಸಿಗುತ್ತದೆಯೇ? ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಮರೆಯುತ್ತಾರೆ. ವೈನರಿಗಳು ಸಾಮಾನ್ಯವಾಗಿ ತೋಟಗಳ ನಡುವೆ ಇರುತ್ತವೆ, ಪೇಟೆಯ ನಡುವೆ ಅಲ್ಲ. ನಿಮ್ಮ ಶಿಫ್ಟ್ ಮುಗಿಯುವ ಹೊತ್ತಿಗೆ ಅಂಗಡಿ ಬಾಗಿಲು ಹಾಕಿರುತ್ತದೆ.

ಪಾತ್ರೆಗಳ ವಿಷಯದಲ್ಲಿ ನನ್ನದು ಜಿಪುಣ ಪಟ್ಟಿ. ಐದು ಲೀಟರ್ ಆಸುಪಾಸಿನ ಪ್ರೆಶರ್ ಕುಕ್ಕರ್, ದಪ್ಪ ತಳದ ಒಂದು ಬಾಣಲೆ, ಹರಿತವಾದ ಒಂದು ಚಾಕು, ಬಿಗಿ ಮುಚ್ಚಳದ ಆರೆಂಟು ಡಬ್ಬಿ, ಅಗಲ ಬಾಯಿಯ ಒಂದು ಥರ್ಮಾಸ್ ಫ್ಲಾಸ್ಕ್. ಚಾಕುವನ್ನು ನಿಮ್ಮ ಸಾಮಾನಿನಲ್ಲೇ ಒಯ್ಯಿರಿ (ವಿಮಾನದಲ್ಲಾದರೆ ಕೈಚೀಲದಲ್ಲಿ ಬೇಡ). ಹಂಚಿಕೊಂಡ ಮನೆಯ ಚಾಕುಗಳು ಬೆಣ್ಣೆ ಕೊಯ್ಯಲಿಕ್ಕೂ ಬಾರವು. ಕುಕ್ಕರ್ ಯಾಕೆ ಅಂದರೆ, 15 ಪಿಎಸ್ಐ (ಒತ್ತಡದ ಅಳತೆ) ಒತ್ತಡದಲ್ಲಿ ನೀರು ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಒಂದೂವರೆ ಗಂಟೆ ಹಿಡಿಯುವ ಕಾಳು ಅದರಲ್ಲಿ ಇಪ್ಪತ್ತು ನಿಮಿಷಕ್ಕೆ ಬೇಯುತ್ತದೆ. ಇರುವ ಒಂದು ರಜೆಯ ದಿನವನ್ನು ಒಲೆಯ ಮುಂದೆಯೇ ಕಳೆಯಬೇಕಿಲ್ಲ.

ಮೊದಲ ಸಾಮಾನು

ಹೋದ ಮೊದಲ ದಿನ ತರುವ ಸಾಮಾನು ಕೆಡದಂಥದ್ದಾಗಿರಲಿ: ಅಕ್ಕಿ, ಬೇಗ ಬೇಯುವ ಕೆಂಪು ಬೇಳೆ, ಕಾಬೂಲಿ ಕಡಲೆ ಅಥವಾ ನಿಮಗೆ ಹಿಡಿಸುವ ಇನ್ನೊಂದು ಕಾಳು, ಪಾಸ್ತಾ, ಓಟ್ಸ್, ಎಣ್ಣೆ, ಉಪ್ಪು, ಡಬ್ಬಿಯ ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಪೀನಟ್ ಬಟರ್, ಒಣಹಣ್ಣು. ವಾರಕ್ಕೊಮ್ಮೆ ತರುವುದು: ಮೊಟ್ಟೆ, ಮೊಸರು, ಚೀಸ್, ಎಲೆಕೋಸು, ಕ್ಯಾರೆಟ್, ನಿಂಬೆ, ಬಾಳೆ, ಸೇಬು, ಬ್ರೆಡ್. ಸೊಪ್ಪು ತಂದರೆ ಅದೇ ದಿನ, ತಪ್ಪಿದರೆ ಮಾರನೆ ದಿನ ಮುಗಿಸಿ. ಎಲೆಕೋಸು, ಕ್ಯಾರೆಟ್ ವಾರಗಟ್ಟಲೆ ತಡೆಯುತ್ತವೆ, ಸುಗ್ಗಿಗೆ ಅವೇ ಸರಿ. ಫ್ರೀಜರ್ ಇದ್ದರೆ ಹೆಪ್ಪುಗಟ್ಟಿಸಿದ ಬಟಾಣಿ, ಪಾಲಕ್ ತಂದಿಡಿ. ತೊಳೆಯುವ ಹೆಚ್ಚುವ ಕೆಲಸವೇ ಇಲ್ಲದ ತರಕಾರಿ ಅದು. ‘ತಾಜಾ ಅಲ್ಲ’ ಎಂಬ ಗೊಣಗಾಟವನ್ನು ಸುಗ್ಗಿ ಮುಗಿದ ಮೇಲೆ ಮುಂದುವರಿಸಬಹುದು. ಮಸಾಲೆಯಲ್ಲಿ ಜೀರಿಗೆ, ಅರಿಸಿನ, ಮೆಣಸು, ಖಾರದ ಪುಡಿ, ಇಷ್ಟಿದ್ದರೆ ಸಾಕು. ಹದಿನೈದು ಪೊಟ್ಟಣ ಒಯ್ದವರು ಹನ್ನೆರಡನ್ನು ಬಿಚ್ಚದೆಯೇ ಹಿಂದೆ ತರುತ್ತಾರೆ.

ರಜೆಯ ದಿನದ ಎರಡು ಗಂಟೆ

ಇದೇ ಇಡೀ ವಾರದ ಅಡಿಪಾಯ. ಇಲ್ಲಿ ಪೂರ್ತಿ ಅಡುಗೆ ಮಾಡಿಡುವುದಲ್ಲ. ಬಿಡಿ ಬಿಡಿಯಾಗಿ ನಾಲ್ಕೈದು ವಸ್ತು ತಯಾರಿಟ್ಟುಕೊಂಡು, ವಾರದ ದಿನಗಳಲ್ಲಿ ಜೋಡಿಸಿಕೊಳ್ಳುವುದು. ಒಂದೇ ಪಲ್ಯವನ್ನು ದೊಡ್ಡ ಹಂಡೆಯಲ್ಲಿ ಮಾಡಿಟ್ಟರೆ ಮೂರನೆಯ ದಿನ ಅದರ ಮುಖ ನೋಡಲಿಕ್ಕೂ ಮನಸ್ಸಾಗುವುದಿಲ್ಲ. ಬಿಡಿಯಾಗಿದ್ದರೆ ಅದೇ ಕಡಲೆ ಒಂದು ದಿನ ಸೂಪು, ಇನ್ನೊಂದು ದಿನ ಸಲಾಡ್.

1. ಹಿಂದಿನ ರಾತ್ರಿ, ಎಷ್ಟೇ ಸುಸ್ತಾಗಿದ್ದರೂ, ಅರ್ಧ ಕಿಲೋ ಕಾಳನ್ನು ಧಾರಾಳ ನೀರಿನಲ್ಲಿ ನೆನೆಹಾಕಿ. 8–12 ಗಂಟೆ ನೆನೆಯಬೇಕು. ಬೆಂದ ಮೇಲೆ ಒಣ ತೂಕದ ಎರಡರಿಂದ ಎರಡೂವರೆ ಪಟ್ಟಾಗುತ್ತದೆ.

2. ಬೆಳಿಗ್ಗೆ ನೆನೆದ ನೀರು ಚೆಲ್ಲಿ, ಹೊಸ ನೀರು ಹಾಕಿ ಕುಕ್ಕರ್ ಇಡಿ. ಒತ್ತಡ ಬಂದ ಮೇಲೆ ಉರಿ ತಗ್ಗಿಸಿ 15–20 ನಿಮಿಷ. ರಾಜ್ಮಾ ಆದರೆ ಒಂದು ಎಚ್ಚರಿಕೆ ಬೇಕು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಅಂಶ ಇರುತ್ತದೆ. ಜೋರಾಗಿ ಕುದಿಸಿದರೆ ಅದು ನಾಶವಾಗುತ್ತದೆ, ಸ್ಲೋ ಕುಕ್ಕರ್‌ನ ಮಂದ ಶಾಖಕ್ಕೆ ನಾಶವಾಗುವುದಿಲ್ಲ. ಹಂಚಿಕೊಂಡ ಮನೆಗಳಲ್ಲಿ ಸ್ಲೋ ಕುಕ್ಕರ್ ಇರುವುದು ಸಾಮಾನ್ಯ. ಅದರಲ್ಲಿ ಹಸಿ ರಾಜ್ಮಾ ಹಾಕಿ ಕೆಲಸಕ್ಕೆ ಹೋದವರು ಬಂದು ಉಂಡು ರಾತ್ರಿಯಿಡೀ ವಾಂತಿ ಮಾಡಿಕೊಳ್ಳಬೇಕಾದೀತು. ಮೊದಲು ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿಕೊಳ್ಳಿ, ಇಲ್ಲವೇ ಕುಕ್ಕರ್‌ನಲ್ಲೇ ಪೂರ್ತಿ ಬೇಯಿಸಿ.

3. ಕುಕ್ಕರ್ ಒಂದು ಒಲೆಯ ಮೇಲಿರುವಾಗ ಇನ್ನೊಂದರಲ್ಲಿ ಮೊಟ್ಟೆ. ಕುದಿಯುವ ನೀರಿಗೆ ಮೆಲ್ಲಗೆ ಬಿಟ್ಟು 10 ನಿಮಿಷ, ಆಮೇಲೆ ತಣ್ಣೀರು. ಸಿಪ್ಪೆ ಸಮೇತ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಇರುತ್ತದೆ. ಸಿಪ್ಪೆ ಬಿಡಿಸಿದ್ದು ಅಷ್ಟು ತಡೆಯುವುದಿಲ್ಲ.

4. ಈಗ ಮುಖ್ಯವಾದದ್ದು, ಈರುಳ್ಳಿ–ಟೊಮೆಟೊ ಗೊಜ್ಜು. ಆರು ದೊಡ್ಡ ಈರುಳ್ಳಿ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಅವಸರ ಬೇಡ, 20–25 ನಿಮಿಷ ಹಿಡಿದರೂ ಹಿಡಿಯಲಿ, ಹೊಂಬಣ್ಣಕ್ಕೆ ಬರಬೇಕು. ಬೆಳ್ಳುಳ್ಳಿ, ಜೀರಿಗೆ, ಎರಡು ಡಬ್ಬಿ ಟೊಮೆಟೊ, ಉಪ್ಪು ಹಾಕಿ ಎಣ್ಣೆ ಬಿಡುವ ತನಕ ಬೇಯಿಸಿ. ವಾರದ ರಾತ್ರಿಗಳಲ್ಲಿ ಅರ್ಧ ಗಂಟೆ ನುಂಗುವ ಕೆಲಸ ಇದೇ ಈರುಳ್ಳಿ ಹುರಿಯುವುದು. ಅದನ್ನು ಒಮ್ಮೆ ಮಾಡಿ ಮುಗಿಸಿದರೆ ಉಳಿದದ್ದೆಲ್ಲ ಬಿಸಿ ಮಾಡುವ ಕೆಲಸ.

5. ಓವನ್ ಇದ್ದರೆ ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಕುಂಬಳ ಏನಿದೆಯೋ ಅದನ್ನು ದಪ್ಪ ದಪ್ಪ ಹೆಚ್ಚಿ, ಎಣ್ಣೆ ಉಪ್ಪು ಸವರಿ 200 ಡಿಗ್ರಿಯಲ್ಲಿ 35–40 ನಿಮಿಷ ಇಡಿ. ಓವನ್ ಇಲ್ಲದಿದ್ದರೆ ಈ ಹೆಜ್ಜೆ ಬಿಡಿ, ಆಲೂಗಡ್ಡೆ ಬೇಯಿಸಿಟ್ಟುಕೊಂಡರೂ ನಡೆಯುತ್ತದೆ.

6. ಎಲ್ಲವನ್ನೂ ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಾಕಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ದೊಡ್ಡ ಪಾತ್ರೆಯ ನಡುಭಾಗ ಆ ಶಾಖದಲ್ಲಿ ಗಂಟೆಗಟ್ಟಲೆ ಉಳಿದುಬಿಡುತ್ತದೆ. ಕಾಳು, ಗೊಜ್ಜು, ತರಕಾರಿ ಮೂರು ದಿನಕ್ಕೆ ಸಾಕಾಗುವಷ್ಟು ಫ್ರಿಜ್‌ನಲ್ಲಿ, ಉಳಿದದ್ದು ಫ್ರೀಜರ್‌ನಲ್ಲಿ. ಜಿಪ್ ಚೀಲದಲ್ಲಿ ತುಂಬಿ ಚಪ್ಪಟೆಯಾಗಿ ಮಲಗಿಸಿ ಹೆಪ್ಪುಗಟ್ಟಿಸಿದರೆ ಜಾಗವೂ ಉಳಿಯುತ್ತದೆ, ರಾತ್ರಿ ಬೇಕಾದಷ್ಟನ್ನು ಮುರಿದು ನೇರ ಬಾಣಲೆಗೆ ಹಾಕಬಹುದು. ಮೇಲೆ ಹೆಸರು, ತಾರೀಕು ಬರೆಯಿರಿ. ವೈನರಿಯಲ್ಲಿ ಪ್ರತಿ ಟ್ಯಾಂಕಿಗೂ ಚೀಟಿ ಅಂಟಿಸುವ ಕೈ ಅಡುಗೆಮನೆಯಲ್ಲಿ ಯಾಕೆ ಸೋಮಾರಿಯಾಗುತ್ತದೋ ತಿಳಿಯದು.

ಅನ್ನವನ್ನು ಈ ಪಟ್ಟಿಯಲ್ಲಿ ಬೇಕೆಂದೇ ಸೇರಿಸಲಿಲ್ಲ. ಬೆಂದ ಅಕ್ಕಿಯಲ್ಲೂ ಬದುಕಿ ಉಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿವೆ. ಅನ್ನ ಬೆಚ್ಚಗೆ ಹೊರಗೆ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನ ಮಾಡಿದರೆ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗಿಡಿ, ಮಾರನೆಯ ದಿನವೇ ಮುಗಿಸಿ, ಒಂದೇ ಸಲ ಬಿಸಿ ಮಾಡಿ. ಬಿಸಿ ಅಂದರೆ ಉಗುರುಬೆಚ್ಚಗಲ್ಲ, ನಡುವಿನ ತನಕ ಹಬೆಯಾಡಬೇಕು.

ಕೆಲಸದ ರಾತ್ರಿಗಳು: ಕಾಲು ಗಂಟೆಯ ಊಟ

ಬಾಗಿಲು ತೆರೆದವರೇ ನೀರು ಕುದಿಯಲು ಇಟ್ಟು ಸ್ನಾನಕ್ಕೆ ಹೋಗಬೇಕು ಅನಿಸುತ್ತದೆ. ದಯವಿಟ್ಟು ಬೇಡ. ದಣಿದವರು ಸ್ನಾನದಿಂದ ನೇರ ಹಾಸಿಗೆಗೆ ಹೋಗಿ ಒಲೆ ಮರೆಯುತ್ತಾರೆ. ಸ್ನಾನ ಮೊದಲು, ಒಲೆ ಆಮೇಲೆ, ಫೋನಿನಲ್ಲಿ ಟೈಮರ್ ಕಡ್ಡಾಯ.

ಗೊಜ್ಜು ಇದ್ದರೆ ಊಟ ಇದ್ದಂತೆಯೇ. ಎರಡು ಸೌಟು ಗೊಜ್ಜಿಗೆ ಒಂದು ಬಟ್ಟಲು ಕಡಲೆ, ಒಂದು ಹಿಡಿ ಹೆಪ್ಪುಗಟ್ಟಿದ ಪಾಲಕ್, ಸ್ವಲ್ಪ ನೀರು: ಹತ್ತು ನಿಮಿಷದಲ್ಲಿ ಬ್ರೆಡ್ ಜೊತೆಗೂ ಅನ್ನದ ಜೊತೆಗೂ ಹೋಗುವ ಸಾರು. ಅದೇ ಗೊಜ್ಜನ್ನು ಬಾಣಲೆಯಲ್ಲಿ ಹರಡಿ, ನಾಲ್ಕು ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ ಮುಚ್ಚಿದರೆ ಐದಾರು ನಿಮಿಷ. ಪಾಸ್ತಾ ಬೆಂದ ನೀರಿನಲ್ಲಿ ಒಂದು ಸೌಟು ಉಳಿಸಿಕೊಂಡು ಗೊಜ್ಜಿಗೆ ಬೆರೆಸಿದರೆ ಅದು ಹಿಟ್ಟಿನ ಅಂಶದಿಂದ ಮಂದವಾಗಿ ಪಾಸ್ತಾಕ್ಕೆ ಹಿಡಿದುಕೊಳ್ಳುತ್ತದೆ. ಮೇಲೆ ಚೀಸ್ ತುರಿ.

ಗೊಜ್ಜು ಮುಗಿದ ದಿನಕ್ಕೆ ಕೆಂಪು ಬೇಳೆ. ನೆನೆಸುವುದು ಬೇಡ. ಒಂದು ಪಾಲು ಬೇಳೆಗೆ ಮೂರು ಪಾಲು ನೀರು, ಅರಿಸಿನ, ತೆರೆದ ಪಾತ್ರೆಯಲ್ಲೇ 15–20 ನಿಮಿಷಕ್ಕೆ ಕರಗಿಹೋಗುತ್ತದೆ. ಬೆಳ್ಳುಳ್ಳಿ ಜೀರಿಗೆಯ ಒಗ್ಗರಣೆ, ನಿಂಬೆ ಹಿಂಡಿದರೆ ಮುಗಿಯಿತು. ಒಲೆ ಹಚ್ಚಲೂ ಬೇಡ ಅನಿಸಿದ ರಾತ್ರಿಗೆ ಮೊಟ್ಟೆ, ಬೆಂದ ಆಲೂಗಡ್ಡೆ, ಕಡಲೆ, ಸಣ್ಣಗೆ ಹೆಚ್ಚಿದ ಎಲೆಕೋಸು, ಎಣ್ಣೆ, ನಿಂಬೆ, ಉಪ್ಪು ಕಲಸಿ ತಿನ್ನಿ. ಇದನ್ನು ಊಟ ಅನ್ನಬಹುದೇ ಎಂಬ ಚರ್ಚೆ ಬೇಡ. ಹೊಟ್ಟೆ ತುಂಬುತ್ತದೆ, ನಾಳೆ ಬೆಳಿಗ್ಗೆ ಪೈಪು ಎಳೆಯಲು ಶಕ್ತಿ ಇರುತ್ತದೆ.

ಬಡಿಸಿಕೊಳ್ಳುವಾಗಲೇ ನಾಳೆಯ ಡಬ್ಬಿಯನ್ನೂ ತುಂಬಿಬಿಡಿ. ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟುತ್ತೇನೆ ಎಂದವರ ಮಾತನ್ನು ನಾನು ನಂಬುವುದಿಲ್ಲ.

ಬೆಳಗಿನ ಫ್ಲಾಸ್ಕು, ಶಿಫ್ಟಿನ ಡಬ್ಬಿ

ಬಿಳಿ ದ್ರಾಕ್ಷಿಯನ್ನು ತಂಪು ಇರುವಾಗಲೇ, ಎಷ್ಟೋ ಕಡೆ ರಾತ್ರಿಯೇ ಕೊಯ್ಯುತ್ತಾರೆ. ಹಾಗಾಗಿ ನಸುಕಿಗೇ ಕೆಲಸ ಶುರುವಾಗುವ ದಿನಗಳು ಬರುತ್ತವೆ. ಫ್ಲಾಸ್ಕಿಗೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ. ಆಮೇಲೆ ಅರ್ಧ ಬಟ್ಟಲು ಓಟ್ಸ್, ಚಿಟಿಕೆ ಉಪ್ಪು, ಒಣದ್ರಾಕ್ಷಿ, ಒಂದೂವರೆ ಬಟ್ಟಲು ಕುದಿಯುವ ನೀರು ಹಾಕಿ ಬಿಗಿಯಾಗಿ ಮುಚ್ಚಿ. ತಯಾರಾಗಿ ಹೊರಡುವಷ್ಟರಲ್ಲಿ ಬೆಂದಿರುತ್ತದೆ. ಪೀನಟ್ ಬಟರ್ ಒಂದು ಚಮಚ ಬೆರೆಸಿದರೆ ಹತ್ತು ಗಂಟೆಯ ತನಕ ಹಸಿವಿನ ಸುದ್ದಿಯಿಲ್ಲ. ಅದೇ ಫ್ಲಾಸ್ಕಿನಲ್ಲಿ ಸಾರು, ಬೇಳೆ ಒಯ್ಯುವಾಗಲೂ ಇದೇ ಕ್ರಮ. ಫ್ಲಾಸ್ಕನ್ನು ಕಾಯಿಸದೆ, ಸಾರನ್ನು ಕುದಿಸದೆ ಹಾಕಿದರೆ ಮಧ್ಯಾಹ್ನಕ್ಕೆ ಅದು ಬಿಸಿಯೂ ಅಲ್ಲ ತಂಪೂ ಅಲ್ಲ, ಕೆಡಲು ಹೇಳಿ ಮಾಡಿಸಿದ ಹದ.

ಮಧ್ಯಾಹ್ನದ ಊಟ ಎರಡು ಭಾಗವಾಗಿರಲಿ. ಡಬ್ಬಿಯಲ್ಲಿ ಪೂರ್ತಿ ಊಟ ಒಂದು. ಎರಡು ನಿಮಿಷದ ಬಿಡುವಿನಲ್ಲಿ ನಿಂತೇ ತಿನ್ನಬಹುದಾದ್ದು ಇನ್ನೊಂದು: ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಚೀಸ್ ತುಂಡು, ಹುರಿದ ಕಡಲೆಕಾಯಿ. ಪ್ರೆಸ್ ಓಡುತ್ತಿರುವಾಗ ಊಟದ ಬಿಡುವು ಮೂರು ಗಂಟೆಗೆ ಜಾರುವುದು ಮಾಮೂಲು, ಆ ಹೊತ್ತಿಗೆ ಈ ಎರಡನೆಯ ಪೊಟ್ಟಣವೇ ಗತಿ. ಆದರೆ ಅದನ್ನು ಜೇಬಿನಲ್ಲಿಟ್ಟು ಟ್ಯಾಂಕುಗಳ ನಡುವೆ ತಿನ್ನುವಂತಿಲ್ಲ. ಹಣ್ಣು, ರಸ ಇರುವ ಜಾಗದಲ್ಲಿ ತಿನ್ನುವುದು ಶುಚಿತ್ವದ ನಿಯಮಕ್ಕೆ ವಿರುದ್ಧ. ಅದರಲ್ಲೂ ಕಡಲೆಕಾಯಿ ಹಲವರಿಗೆ ಅಲರ್ಜಿ.

ನೀರಿನ ಬಾಟಲಿ ಸದಾ ಹತ್ತಿರ ಇರಲಿ. ಸೆಲ್ಲಾರಿನ (ವೈನ್ ಹುದುಗಿಸಿ ಇಡುವ ಕೋಣೆಯ) ಒಳಗೆ ತಂಪು, ಹಣ್ಣು ಇಳಿಸುವ ಅಂಗಳದಲ್ಲಿ ಬಿಸಿಲು. ಒಳಗೆ ಹೊರಗೆ ಓಡಾಡುವಾಗ ಬೆವರಿದ್ದು ಗೊತ್ತಾಗುವುದಿಲ್ಲ. ಉಪ್ಪಿರುವ ಊಟ ಮಾಡುವವರಿಗೆ ನೀರೇ ಸಾಕು. ತೀರಾ ಬೆವರಿ ಸುಸ್ತಾದ ದಿನಕ್ಕೆ, ಹೊಟ್ಟೆ ಕೆಟ್ಟ ದಿನಕ್ಕೆ ಓಆರ್‌ಎಸ್ ಮನೆಯಲ್ಲೇ ಮಾಡಿಕೊಳ್ಳಬಹುದು: ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು.

ರಾತ್ರಿ ಶಿಫ್ಟಿಗೆ ಹಾಕಿದರೆ ದೊಡ್ಡ ಊಟ ಹೊರಡುವ ಮೊದಲು. ನಡುರಾತ್ರಿಯ ಮೇಲೆ ಸೂಪು, ಮೊಸರು, ಹಣ್ಣು, ಅಷ್ಟೇ. ಎರಡು ಗಂಟೆ ರಾತ್ರಿಯಲ್ಲಿ ಹೊಟ್ಟೆ ಬಿರಿಯೆ ಉಂಡು ಫೋರ್ಕ್‌ಲಿಫ್ಟ್ ಹತ್ತುವವರ ಪಕ್ಕದಲ್ಲಿ ನಿಲ್ಲಲು ನನಗಿಷ್ಟವಿಲ್ಲ. ಕಾಫಿ ಶಿಫ್ಟಿನ ಮೊದಲರ್ಧಕ್ಕೆ ನಿಲ್ಲಲಿ, ಇಲ್ಲದಿದ್ದರೆ ಬೆಳಿಗ್ಗೆ ನಿದ್ದೆ ಹತ್ತುವುದಿಲ್ಲ.

ಸೆಲ್ಲಾರಿಗೂ ಅಡುಗೆಮನೆಗೂ ನಡುವೆ

ಬೇರೆ ದುಡಿಮೆಯ ಅಡುಗೆಗೂ ವೈನರಿಯ ಅಡುಗೆಗೂ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ.

ಮೊದಲನೆಯದು ಕೈ. ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿರುವ ಆಂಥೋಸಯನಿನ್ ಬಣ್ಣ ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಸಾಮಾನ್ಯ ಸೋಪು ಕ್ಷಾರ, ಹಾಗಾಗಿ ಕೈಗೆ ಸೋಪು ಹಚ್ಚಿದ ಕೂಡಲೇ ಕಲೆ ಇನ್ನಷ್ಟು ಕಪ್ಪಾಗುತ್ತದೆ. ಮೊದಲು ನಿಂಬೆಹೋಳಿನಿಂದ ಉಜ್ಜಿ ತೊಳೆದು ಆಮೇಲೆ ಸೋಪು ಹಚ್ಚಿ. ಕೈಯಲ್ಲಿ ಗಾಯವಿದ್ದರೆ ನಿಂಬೆ ಉರಿಯುತ್ತದೆ, ಆ ಜಾಗ ಬಿಟ್ಟು ಉಜ್ಜಿ. ಉಗುರಿನ ಸಂದಿಯ ಕಪ್ಪು ಸುಗ್ಗಿ ಮುಗಿಯುವ ತನಕ ಹೋಗುವುದಿಲ್ಲ, ಅದು ಕೊಳೆಯೂ ಅಲ್ಲ. ತೊಳೆದ ಕೈ ಕಪ್ಪಗಿದ್ದರೂ ಹಿಟ್ಟು ಕಲಸಬಹುದು. (ನೇರಳೆ ಎಲೆಕೋಸಿನಲ್ಲಿರುವುದೂ ಇದೇ ಬಗೆಯ ಬಣ್ಣ. ಸೋಡಾ ಹಾಕಿ ಬೇಯಿಸಿದರೆ ನೀಲಿಯಾಗುತ್ತದೆ, ನಿಂಬೆ ಹಿಂಡಿದರೆ ಮತ್ತೆ ಕೆಂಪು.)

ಎರಡನೆಯದು ಬಿಳಿ ಪುಡಿಗಳು. ವೈನರಿಯಲ್ಲಿ ಸಿಟ್ರಿಕ್ ಆಮ್ಲ, ಟಾರ್ಟಾರಿಕ್ ಆಮ್ಲ, ಪೊಟ್ಯಾಶಿಯಂ ಮೆಟಾಬೈಸಲ್ಫೈಟ್, ತೊಳೆಯುವ ಪರ್‌ಕಾರ್ಬೊನೇಟ್, ಕಾಸ್ಟಿಕ್ ಸೋಡಾ, ಎಲ್ಲವೂ ನೋಡಲಿಕ್ಕೆ ಹೆಚ್ಚುಕಮ್ಮಿ ಉಪ್ಪು ಸಕ್ಕರೆಯಂತೆಯೇ ಇರುತ್ತವೆ. ‘ಸ್ವಲ್ಪ ಸಿಟ್ರಿಕ್ ಆಮ್ಲ ನಿಂಬೆಯ ಬದಲು ಇರಲಿ’ ಎಂದು ಪೊಟ್ಟಣ ಕಟ್ಟಿ ತರುವ ಅಭ್ಯಾಸ ಒಳ್ಳೆಯದಲ್ಲ. ಹೆಸರಿಲ್ಲದ ಬಿಳಿ ಪುಡಿಗೆ ಅಡುಗೆಮನೆಯಲ್ಲಿ ಜಾಗವಿಲ್ಲ. ಹಾಗೆಯೇ ನಿಮ್ಮ ನೀರಿನ ಬಾಟಲಿಯಲ್ಲಿ ತೊಳೆಯುವ ದ್ರಾವಣ ತುಂಬುವುದು, ದ್ರಾವಣದ ಬಾಟಲಿ ತೊಳೆದು ನೀರು ತುಂಬುವುದು ಎರಡೂ ಬೇಡ. ಊಟಕ್ಕೆ ಕೂರುವ ಮೊದಲು ಕೈ ಮೊಣಕೈ ತನಕ ತೊಳೆಯಿರಿ, ಒದ್ದೆಯಾದ ಮೇಲಂಗಿ ಬಿಚ್ಚಿ.

ಮೂರನೆಯದು ಮನೆಯಿಂದ ವೈನರಿಗೆ ಹೋಗಬಾರದ್ದು. ಕ್ಲೋರಿನ್ ಬ್ಲೀಚ್‌ನಿಂದ ಒರೆಸಿದ ಬಟ್ಟೆ, ಪಾತ್ರೆ ಸೆಲ್ಲಾರಿಗೆ ಒಯ್ಯಬೇಡಿ. ಕ್ಲೋರಿನ್ನೂ ಮರ, ಬಿರಡೆಯಲ್ಲಿರುವ ಫೀನಾಲುಗಳೂ ಬೂಷ್ಟೂ ಕೂಡಿದಲ್ಲಿ ಟಿಸಿಎ ಎಂಬ ವಸ್ತು ಹುಟ್ಟುತ್ತದೆ. ಒದ್ದೆ ರಟ್ಟಿನ ವಾಸನೆಯ ಅದು ಅತಿ ಸೂಕ್ಷ್ಮ ಪ್ರಮಾಣದಲ್ಲಿದ್ದರೂ ವೈನನ್ನು ಹಾಳುಮಾಡುತ್ತದೆ. ಸೋಸದ, ಜೀವಂತ ವಿನೆಗರ್ ಕೂಡ ಹಾಗೆಯೇ, ಅದರ ಬ್ಯಾಕ್ಟೀರಿಯಾಕ್ಕೆ ವೈನ್ ಎಂದರೆ ಹಬ್ಬ. ಮನೆಯ ಸಲಾಡಿಗೆ ನಿಂಬೆ ಸಾಕು. ಹಣ್ಣಿನ ನೊಣಗಳು ಈ ಬ್ಯಾಕ್ಟೀರಿಯಾವನ್ನು ಕಾಲಲ್ಲಿ ಹೊತ್ತು ತಿರುಗುತ್ತವೆ. ಸುಗ್ಗಿಯಲ್ಲಿ ಅವು ನಿಮ್ಮ ಬಟ್ಟೆಯ ಜೊತೆ ಮನೆಗೂ ಬರುತ್ತವೆ. ಬಾಳೆಹಣ್ಣು ಮುಚ್ಚಿಡಿ, ಕಸ ದಿನಾ ಹೊರಗೆ ಹಾಕಿ, ಸಿಂಕಿನಲ್ಲಿ ಪಾತ್ರೆ ಬಿಡಬೇಡಿ.

ಇನ್ನು ರುಚಿ ನೋಡುವ ಕೆಲಸ. ಟ್ಯಾಂಕುಗಳ ರುಚಿ ನೋಡುವ ಹೊತ್ತು ಗೊತ್ತಿದ್ದರೆ ಅದಕ್ಕೆ ಮೊದಲು ಹಸಿ ಬೆಳ್ಳುಳ್ಳಿ, ಖಾರ, ಗಟ್ಟಿ ಕಾಫಿ ಬೇಡ. ಬಾಯಿ ಗಂಟೆಗಟ್ಟಲೆ ಅದನ್ನೇ ಹೇಳುತ್ತಿರುತ್ತದೆ. ಬೆಳ್ಳುಳ್ಳಿಯೆಲ್ಲ ರಾತ್ರಿಯೂಟಕ್ಕೆ. ಖಾಲಿ ಹೊಟ್ಟೆಯಲ್ಲಂತೂ ರುಚಿ ನೋಡಬೇಡಿ, ಉಗುಳಿದರೂ ಸ್ವಲ್ಪ ಒಳಗೆ ಹೋಗುತ್ತದೆ. ವೈನಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3ರಿಂದ 4ರ ಆಸುಪಾಸು. ಸುಮಾರು 5.5ಕ್ಕಿಂತ ಕೆಳಗೆ ಹಲ್ಲಿನ ಎನಾಮಲ್ ಮೆತ್ತಗಾಗತೊಡಗುತ್ತದೆ. ದಿನವೂ ರುಚಿ ನೋಡುವವರು ಮುಗಿದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ ಒಂದು ತುಂಡು ಚೀಸ್ ತಿನ್ನಿ, ಹಲ್ಲುಜ್ಜುವುದಕ್ಕೆ ಅರ್ಧ ಗಂಟೆಯಾದರೂ ಕಾಯಿರಿ.

ಕೊನೆಯದಾಗಿ, ಊಟ ಮುಗಿಸಿ ತಂಪಾಗಿದೆಯೆಂದು ಸೆಲ್ಲಾರಿನ ಮೂಲೆಯಲ್ಲಿ ಕಣ್ಣು ಮುಚ್ಚಬೇಡಿ. ಒಂದು ಲೀಟರ್ ರಸ ಹುದುಗುವಾಗ 40 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗಾಳಿಗಿಂತ ಭಾರವಾದ ಅದು ತಗ್ಗಿನಲ್ಲಿ ಕೂಡಿಕೊಳ್ಳುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ಗೊತ್ತಾಗದೆಯೇ ಉಸಿರುಗಟ್ಟಿಸುತ್ತದೆ. ಪ್ರತಿ ಸುಗ್ಗಿಯ ತರಬೇತಿಯಲ್ಲೂ ಇದನ್ನು ಹೇಳುತ್ತಾರೆ. ಉಂಡ ಮೇಲಿನ ಜೋಂಪು ಅದನ್ನು ಮರೆಸಿಬಿಡುತ್ತದೆ. ಮಲಗಬೇಕೆನಿಸಿದರೆ ಹೊರಗೆ ಮರದ ಕೆಳಗೆ ಮಲಗಿ.

ದ್ರಾಕ್ಷಿ, ರಸ, ವೈನ್ ಅಡುಗೆಗೆ

ಸುತ್ತ ಟನ್ನುಗಟ್ಟಲೆ ಹಣ್ಣಿರುವಾಗ ಆಸೆ ಸಹಜ. ಕೇಳಿ ತೆಗೆದುಕೊಳ್ಳಿ, ತೊಳೆದು ತಿನ್ನಿ. ವೈನ್ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ, ಬೀಜ ಹೆಚ್ಚು. ಆದರೆ ಕೊಯ್ಲಿನ ಹೊತ್ತಿಗೆ ಅದರ ರಸದ ತೂಕದಲ್ಲಿ ನೂರಕ್ಕೆ 20–25 ಭಾಗ ಸಕ್ಕರೆ ಇರುತ್ತದೆ. ಹುದುಗದ ತಾಜಾ ರಸ ಒಂದು ಲೀಟರ್ ಸಿಕ್ಕರೆ ಸಣ್ಣ ಉರಿಯಲ್ಲಿ ಮೂರನೇ ಒಂದು ಪಾಲಿಗೆ ಇಳಿಸಿ. ಬೆಲ್ಲದ ಪಾಕದಂಥ ದ್ರವ ಬರುತ್ತದೆ, ಓಟ್ಸ್, ಮೊಸರು, ಹುರಿದ ಕುಂಬಳಕ್ಕೆ ಚೆನ್ನ. ಸಿಹಿಯ ಜೊತೆ ಹುಳಿಯೂ ಇಂಗಿ ಗಟ್ಟಿಯಾಗುವುದರಿಂದ ಒಂದೊಂದೇ ಚಮಚ ಹಾಕಿ.

ಹುದುಗುತ್ತಿರುವ ರಸವನ್ನು ಮಾತ್ರ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ ತರಬೇಡಿ, ಒತ್ತಡಕ್ಕೆ ಗಾಜು ಸಿಡಿಯುತ್ತದೆ. ಅದನ್ನು ಲೋಟಗಟ್ಟಲೆ ಕುಡಿದರೆ ಹೊಟ್ಟೆಯೂ ಮಾತು ಕೇಳುವುದಿಲ್ಲ.

ರುಚಿ ನೋಡಿ ಉಳಿದ ವೈನ್ ಬಾಟಲಿಗಳು ಮನೆ ಸೇರಿದರೆ ಗೊಜ್ಜಿಗೆ ಒಂದು ಲೋಟ ಹಾಕಿ. ಈರುಳ್ಳಿ ಹುರಿದ ಮೇಲೆ, ಟೊಮೆಟೊ ಹಾಕುವ ಮೊದಲು ಹಾಕಿ ಅರ್ಧಕ್ಕೆ ಇಂಗಿಸಬೇಕು. ಕುದಿಸಿದರೆ ಮದ್ಯಾಂಶವೆಲ್ಲ ಹಾರಿಹೋಗುತ್ತದೆ ಎಂಬುದು ತಪ್ಪು ನಂಬಿಕೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ 15 ನಿಮಿಷ ಕುದಿಸಿದರೂ ನೂರಕ್ಕೆ ಸುಮಾರು 40 ಭಾಗ ಉಳಿದಿರುತ್ತದೆ, ಒಂದು ಗಂಟೆಗೆ 25, ಎರಡೂವರೆ ಗಂಟೆಗೆ 5. ಮನೆಯಲ್ಲಿ ಮದ್ಯ ಮುಟ್ಟದವರು ಇದ್ದರೆ ಹೇಳಿಯೇ ಬಡಿಸಿ, ಅಥವಾ ಅವರ ಪಾಲನ್ನು ಮೊದಲೇ ತೆಗೆದಿಡಿ.

ಹಂಚಿಕೊಂಡ ಮನೆ

ಸುಗ್ಗಿಯ ಮನೆಯಲ್ಲಿ ನಾಲ್ಕೈದು ಕಡೆಯ ಜನ, ನಾಲ್ಕೈದು ಬಗೆಯ ಊಟ. ಎಲ್ಲರೂ ದಿನಾ ಕೂಡಿ ಅಡುಗೆ ಮಾಡೋಣ ಎಂಬ ಉತ್ಸಾಹ ಎರಡನೆಯ ವಾರ ಇಳಿಯುತ್ತದೆ, ಶಿಫ್ಟುಗಳು ಹೊಂದುವುದಿಲ್ಲ. ಅದಕ್ಕಿಂತ ವಾರಕ್ಕೆ ಒಬ್ಬರಿಗೆ ಒಂದು ರಾತ್ರಿ ಎಂದು ಹಂಚಿಕೊಂಡರೆ ಉಳಿದ ರಾತ್ರಿಗಳಲ್ಲಿ ನಿಮಗೆ ಬಿಡುವು. ನಿಮ್ಮ ಸರದಿಗೆ ದೊಡ್ಡ ಕುಕ್ಕರ್ ತುಂಬ ಕಾಳಿನ ಸಾರು ಸಾಕು, ಖಾರ ಬೇರೆ ಬಟ್ಟಲಲ್ಲಿ. ಯಾರಿಗೆ ಯಾವುದು ಅಲರ್ಜಿ, ಯಾರು ಏನು ತಿನ್ನುವುದಿಲ್ಲ ಎಂಬ ಚೀಟಿಯನ್ನು ಫ್ರಿಜ್ ಬಾಗಿಲಿಗೆ ಮೊದಲ ದಿನವೇ ಅಂಟಿಸಿ. ಎಣ್ಣೆ, ಉಪ್ಪು, ಈರುಳ್ಳಿ, ಪಾತ್ರೆ ಸೋಪು ಎಲ್ಲರ ಖರ್ಚಿನಲ್ಲಿ, ಉಳಿದದ್ದು ಅವರವರದು. ಜಗಳ ಬರುವುದು ಊಟಕ್ಕಲ್ಲ, ಪಾತ್ರೆ ತೊಳೆಯುವುದಕ್ಕೆ. ಇಡೀ ದಿನ ಟ್ಯಾಂಕು ತೊಳೆದು ಬಂದವರಿಗೆ ಇನ್ನೊಬ್ಬರ ಬಾಣಲೆ ಕಂಡರೆ ಮೈ ಉರಿಯುತ್ತದೆ. ಉಂಡವರೇ ಎದ್ದ ಕೂಡಲೇ ತೊಳೆಯುವುದು ಎಂಬ ಒಂದೇ ನಿಯಮವಿದ್ದರೂ ಸಾಕು.

ಕೊನೆಯ ಎರಡು ವಾರ

ಕಡೆಯ ಲೋಡ್ ಹಣ್ಣು ಬಂದ ಮೇಲೆ ಕೆಲಸದ ಗಂಟೆಗಳು ಇಳಿಯುತ್ತವೆ, ಹಸಿವು ಮಾತ್ರ ಕೂಡಲೇ ಇಳಿಯುವುದಿಲ್ಲ. ಬಡಿಸಿಕೊಳ್ಳುವ ಅಳತೆಯನ್ನು ನಿಧಾನವಾಗಿ ತಗ್ಗಿಸಿ. ಹೊಸ ದಿನಸಿ ನಿಲ್ಲಿಸಿ, ಇರುವ ಕಾಳು, ಪಾಸ್ತಾ, ಫ್ರೀಜರ್‌ನ ಚೀಲಗಳನ್ನು ಮುಗಿಸುತ್ತ ಬನ್ನಿ. ಒಡೆಯದ ಪೊಟ್ಟಣಗಳನ್ನು ಉಳಿಯುವವರಿಗೆ ಕೊಡಿ, ಅರ್ಧ ಬಿಚ್ಚಿದ್ದನ್ನು ಬಿಟ್ಟು ಹೋಗಬೇಡಿ. ಕುಕ್ಕರಿನ ರಬ್ಬರ್ ಗ್ಯಾಸ್ಕೆಟ್ ಬಿಚ್ಚಿ ತೊಳೆದು ಒಣಗಿಸಿ ನಿಮ್ಮ ಚೀಲಕ್ಕೆ ಹಾಕಿ, ಎಲ್ಲರೂ ಮರೆಯುವುದು ಅದನ್ನೇ. ಫ್ರಿಜ್ ಆರಿಸುವುದಾದರೆ ಪೂರ್ತಿ ಖಾಲಿ ಮಾಡಿ, ಒರೆಸಿ, ಬಾಗಿಲಿಗೆ ಒಂದು ಚಮಚ ಅಡ್ಡ ಇಟ್ಟು ತೆರೆದಿಡಿ. ಮುಚ್ಚಿಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ.